ಒಬ್ಬರು ಹೇಳಿದರೆ ಸಾಕು

ಫೆಬ್ರವರಿ ೯

ಪ್ರೀತಿಯ ಪಿಟೀಲು,

ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ದಿನವಿಡೀ ಕಿವಿಗೆ ಫೋನ್ ಅಂಟಿಸಿಕೊಂಡು ಕೂರುವವಳು ಮನೆಗೆ ಬಂದ ಮೇಲೆ ಅಕ್ಕನ ಫೋನೂ ಬೇಡ ಅನ್ನುವುದು ನ್ಯಾಯವೇ. ಆದರೆ ನಿನ್ನ ದೆಸೆಯಿಂದ ಈ ವಯಸ್ಸಿನಲ್ಲಿ ನಾನು ಅಂಚೆಚೀಟಿ ಹುಡುಕಿಕೊಂಡು ಅಲೆಯುವಂತಾಗಿದೆ. "ಯಾರಿಗೆ ಮೇಡಂ ಪ್ರೇಮಪತ್ರ?" ಎಂದು ಕಚೇರಿಯಲ್ಲಿ ಕಾಲೆಳೆಯುತ್ತಾರೆ.

ಏನು ಅಷ್ಟೊಂದು ಕೆಲಸ ಎಂದು ಕೇಳಿದ್ದೀಯ. ಯಾರಾದರೂ ಆಂಬ್ಯುಲೆನ್ಸ್‌ಗೆ ಕರೆ ಮಾಡಿದಾಗ, ಯಾವ ಗಾಡಿ ಎಲ್ಲಿದೆ, ಯಾವುದು ಖಾಲಿ, ಯಾವುದರಲ್ಲಿ ರೋಗಿ ಇದ್ದಾರೆ ಎಂದು ನಿನ್ನ ಪರದೆಯ ಮೇಲೆ ಕಾಣುತ್ತದಲ್ಲ, ಆ ಮಾಹಿತಿಯೆಲ್ಲ ಇರುವುದು ಇಲ್ಲಿ, ನನ್ನ ಕೋಣೆಯ ಕೆಳಗಿನ ಮಹಡಿಯ ಐದು ಸರ್ವರ್‌ಗಳಲ್ಲಿ. ಐದೂ ಸೇರಿ ಒಂದೇ ಡೇಟಾಬೇಸ್. ಪ್ರತಿ ಗಾಡಿಯ ಸುದ್ದಿಯನ್ನೂ ಮೂರು ಸರ್ವರ್‌ಗಳು ಬರೆದಿಟ್ಟುಕೊಳ್ಳುತ್ತವೆ. ನೀನು ಕೇಳಿದಾಗ ಅವುಗಳಲ್ಲಿ ಎರಡನ್ನಾದರೂ ವಿಚಾರಿಸಿ, ಯಾವುದರ ಸುದ್ದಿ ಹೊಸದೋ ಅದನ್ನು ನಿನಗೆ ತೋರಿಸುತ್ತೇವೆ. ಹಾಗಾಗಿ ಒಂದು ಕೆಟ್ಟು ಮಲಗಿದರೂ ನಿನಗೆ ಗೊತ್ತಾಗುವುದಿಲ್ಲ.

ಈಗ ಐದರದ್ದೂ ತಂತ್ರಾಂಶ ಹಳತಾಗಿದೆ, ಬದಲಿಸಬೇಕು. ಒಂದೊಂದನ್ನೇ ಹೊರಗೆ ತೆಗೆದು, ಹೊಸದನ್ನು ಹಾಕಿ, ಮತ್ತೆ ಸೇರಿಸಿ, ತಾನಿಲ್ಲದಾಗ ಏನೇನಾಯಿತೆಂದು ಅದು ಉಳಿದವುಗಳಿಂದ ಪೂರ್ತಿ ತಿಳಿದುಕೊಳ್ಳುವ ತನಕ ಕಾಯಬೇಕು. ಆಮೇಲೆ ಮುಂದಿನದಕ್ಕೆ ಕೈ ಹಾಕಬೇಕು. "ಓಡೋ ಬಸ್ಸಿನ ಚಕ್ರ ಬದಲಾಯಿಸಿದ ಹಾಗೆ" ಎಂದು ನಮ್ಮ ನಿರ್ದೇಶಕರು ಸಭೆಯಲ್ಲಿ ಹೇಳಿದರು. ಯಾವ ಬಸ್ಸಿನವರೂ ಹಾಗೆ ಮಾಡುವುದಿಲ್ಲ ಸ್ವಾಮಿ ಎಂದು ನಾಲಿಗೆ ತುದಿಗೆ ಬಂದಿತ್ತು. ನಕ್ಕುಬಿಟ್ಟೆ.

ಸೇವೆ ಒಂದು ಕ್ಷಣವೂ ನಿಲ್ಲಬಾರದು ಎನ್ನುವುದು ಅವರ ಹಟ. ಪತ್ರಿಕೆಯವರನ್ನೂ ಕರೆಯುತ್ತಾರಂತೆ. ರಾತ್ರಿ ನಿದ್ದೆಗಣ್ಣಿನಲ್ಲಿ ಬೇಡ, ಹಗಲೇ ಮಾಡೋಣ ಎಂದು ನಾನು ಹೇಳಿದ್ದಕ್ಕೆ ಒಪ್ಪಿದ್ದಾರೆ. ಎಲ್ಲ ಸುಸೂತ್ರವಾಗಿ ಮುಗಿದರೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ನನಗೇ ಎಂದು ಬಾಯಿ ಬಿಟ್ಟು ಹೇಳಿಲ್ಲ, ಕಣ್ಣಲ್ಲಿ ಹೇಳಿದ್ದಾರೆ.

ಅಮ್ಮನಿಗೆ ಹೇಳಬೇಡ. ಆಗಿಲ್ಲದ್ದನ್ನೂ ಆಯಿತೆಂದು ಬೀದಿಗೆಲ್ಲ ಸಾರಿ ಬರುತ್ತಾಳೆ.

ನಿನ್ನ
ಅಕ್ಕ


ಫೆಬ್ರವರಿ ೧೭

ಅಕ್ಕಾ,

ಹೇಳಿಬಿಟ್ಟೆ. ಅಮ್ಮ ಪಕ್ಕದ ಮನೆಯವರ ಹತ್ತಿರ "ನನ್ನ ದೊಡ್ಡ ಮಗಳು ಅಷ್ಟೂ ಆಂಬ್ಯುಲೆನ್ಸ್ ಓಡಿಸ್ತಾಳೆ" ಎಂದಳು. "ಅಷ್ಟೂ? ಲೈಸೆನ್ಸ್ ಇದೆಯಾ?" ಎಂದು ಅವರು ಕೇಳಿದರು. ನಾನು ನಗು ತಡೆಯಲಾರದೆ ಒಳಗೆ ಓಡಿದೆ.

ನೀನು ವಿವರಿಸಿದ್ದು ಅರ್ಥವಾಯಿತು. ಇಷ್ಟು ವರ್ಷ ಪರದೆ ಹೇಳಿದ್ದನ್ನು ಹೇಳಿದ ಹಾಗೆ ನಂಬಿದ್ದೇನೆ, ಅದರ ಹಿಂದೆ ಇಷ್ಟೊಂದು ಕೇಳಿ ತಿಳಿಯುವ ವ್ಯವಹಾರವಿದೆ ಎಂದು ಗೊತ್ತೇ ಇರಲಿಲ್ಲ. ನಮ್ಮಲ್ಲೂ ನೋಟಿಸ್ ಹಾಕಿದ್ದಾರೆ, "ನಿಮಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ" ಎಂದು. ಅದರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ "ಸಂಬಳದ ಹಾಗೆ" ಎಂದು ಬರೆದಿದ್ದಾರೆ.

ನಿಂತರೂ ಹೆದರಬೇಡ. ಎರಡು ವರ್ಷದ ಹಿಂದೆ ಒಮ್ಮೆ ಪರದೆಗಳು ನಿಂತುಹೋದವಲ್ಲ, ಆಗ ನಮ್ಮ ಮೇಲ್ವಿಚಾರಕಿ ಕುರ್ಚಿಯ ಮೇಲೆ ಹತ್ತಿ ನಿಂತಳು. ವೈರ್‌ಲೆಸ್‌ನಲ್ಲಿ ಒಬ್ಬೊಬ್ಬ ಚಾಲಕನನ್ನೂ ಕೇಳಿ, ಗೋಡೆಯ ನಕ್ಷೆಯಲ್ಲಿ ಗುಂಡುಸೂಜಿ ಚುಚ್ಚುತ್ತಾ ಗಾಡಿ ಕಳಿಸಿದೆವು. ಗಂಟಲು ಹರಿದುಹೋಯಿತು, ಆದರೆ ಒಂದು ಗಾಡಿಯೂ ದಾರಿ ತಪ್ಪಲಿಲ್ಲ.

ಕುರ್ಚಿ ಸಿಕ್ಕಿದ ಮೇಲೆ ತಿರುಗುವ ಕುರ್ಚಿಯೋ ಅಲ್ಲವೋ ಬರೆದು ತಿಳಿಸು.

ನಿನ್ನ
ಪಿಟೀಲು


ಮಾರ್ಚ್ ೧೮

ಪಿಟೀಲು,

ನಿನ್ನೆ ಮುಗಿಯಿತು. ಐದೂ ಸರ್ವರ್ ಹೊಸದಾಗಿವೆ. ಸೇವೆ ಎಲ್ಲೂ ನಿಲ್ಲಲಿಲ್ಲ. ನಾಳೆಯ ಪತ್ರಿಕೆಯಲ್ಲಿ ಫೋಟೋ ಬರಬಹುದು. ಬಂದರೆ ಅಮ್ಮನಿಗೆ ತೋರಿಸು.

ಬಹಳ ದಣಿದಿದ್ದೇನೆ, ಹೆಚ್ಚು ಬರೆಯಲಾರೆ. ಅಲ್ಲಿ ಎಲ್ಲ ಸರಿಯಿತ್ತು ತಾನೇ?

ಅಕ್ಕ


ಮಾರ್ಚ್ ೩೦

ಅಕ್ಕಾ,

ಫೋಟೋ ಬಂದಿತ್ತು. ಅಮ್ಮ ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ಅದನ್ನು ನೋಡಿ ನನಗೂ ಹೆಮ್ಮೆಯಾಯಿತು. ಅದೇ ಹೊತ್ತಿಗೆ ನಿನಗೆ ಮುಖ ತೋರಿಸಲಾರೆ ಎಂದೂ ಅನಿಸಿತು. ಈ ಪತ್ರವನ್ನು ಮೂರು ಸಲ ಬರೆದು ಹರಿದೆ.

ನಿನ್ನ ಕೆಲಸದ ದಿನವೇ ಮಧ್ಯಾಹ್ನ ನಾನೊಂದು ತಪ್ಪು ಮಾಡಿದೆ. ಒಬ್ಬ ಹೆಂಗಸು ಕರೆ ಮಾಡಿದರು. ಗಂಡ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತಿದ್ದವರು ಪಕ್ಕಕ್ಕೆ ವಾಲಿಬಿಟ್ಟಿದ್ದಾರೆ, ಬಾಯಿ ಸೊಟ್ಟಗಾಗಿದೆ. ನಾನು ಪರದೆ ನೋಡಿದೆ. ಹನ್ನೆರಡನೇ ಗಾಡಿ ಅವರ ಬೀದಿಯ ತಿರುವಿನಲ್ಲೇ ಖಾಲಿ ನಿಂತಿದೆ. ಹಾಗೆಂದು ನಾನು ನೋಡಿದೆ ಅಂದುಕೊಂಡಿದ್ದೇನೆ. ಅದನ್ನೇ ಕಳಿಸಿದೆ. "ಬರ್ತಾ ಇದೆ ಅಮ್ಮಾ, ಹತ್ರದಲ್ಲೇ ಇದೆ, ಧೈರ್ಯವಾಗಿರಿ" ಎಂದೆ.

ಅವರು ಮತ್ತೆ ಕರೆ ಮಾಡಿದರು. "ಎಲ್ಲಮ್ಮಾ ಗಾಡಿ? ಬೀದೀಲಿ ಒಂದು ನರಪಿಳ್ಳೆ ಇಲ್ಲ!" ನಾನು ವೈರ್‌ಲೆಸ್ ಎತ್ತಿ ಚಾಲಕನನ್ನು ಕೇಳಿದೆ. "ನಾನೆಲ್ಲಿ ಖಾಲಿ ಇದ್ದೀನಿ? ಆಗಲೇ ಒಬ್ರನ್ನ ಹಾಕ್ಕೊಂಡು ದೊಡ್ಡಾಸ್ಪತ್ರೆಗೆ ಹೊರಟಿದ್ದೀನಲ್ಲ" ಎಂದ. ಬೇರೆ ಗಾಡಿ ಊರಿನ ಆ ತುದಿಯಿಂದ ಬರಬೇಕಾಯಿತು.

ದರ್ಜಿ ಬದುಕಿದ್ದಾರೆ. ಬಲಗೈ ಹೋಗಿದೆ, ಮಾತು ಹೋಗಿದೆ. ಸ್ವಲ್ಪ ಮೊದಲು ಬಂದಿದ್ದರೆ ಇಷ್ಟಾಗುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರಂತೆ.

ವಿಚಾರಣೆ ನಡೆಯಿತು. ಆಮೇಲೆ ದಾಖಲೆ ತೆಗೆದು ನೋಡಿದರೆ, ಗಾಡಿ ಕಳಿಸಲು ನಾನು ಗುಂಡಿ ಒತ್ತುವ ಮೊದಲೇ ಹನ್ನೆರಡನೇ ಗಾಡಿ "ರೋಗಿ ಇದ್ದಾರೆ" ಎಂದೇ ದಾಖಲಾಗಿತ್ತು. ಖಾಲಿಯಿಲ್ಲದ ಗಾಡಿಗೂ ಆ ಗುಂಡಿ ಒತ್ತಲು ಬರುತ್ತದೆ, ಹಿಂದೆ ಬೇರೆಯವರೂ ಹಾಗೆ ಮಾಡಿದ್ದುಂಟು. ನನ್ನನ್ನು ಕರೆಗಳಿಂದ ತೆಗೆದಿದ್ದಾರೆ. ಈಗ ಉಗ್ರಾಣದಲ್ಲಿ ಬ್ಯಾಂಡೇಜು ಎಣಿಸುತ್ತೇನೆ. ಊಟದ ಮೇಜಿನಲ್ಲಿ ನಾನು ಕೂತರೆ ಉಳಿದವರು ಮಾತು ನಿಲ್ಲಿಸುತ್ತಾರೆ.

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಕಣ್ಣಿನಲ್ಲಿ ದೋಷವಿಲ್ಲ ಎಂದರು. ಇದೆ ಎಂದಿದ್ದರೆ ಚೆನ್ನಾಗಿತ್ತು.

ಕೇಳಬಾರದು, ನಿನ್ನ ಕೆಲಸವನ್ನು ಅನುಮಾನಿಸಿದ ಹಾಗಾಗುತ್ತದೆ. ಆದರೂ ಒಂದೇ ಒಂದು ಸಲ ಕೇಳುತ್ತೇನೆ. ಆ ಹೊತ್ತಿನಲ್ಲಿ ಪರದೆಯೇ ತಪ್ಪು ತೋರಿಸಿರಲು ಸಾಧ್ಯವಿತ್ತೇ? ಇಲ್ಲ ಎಂದರೆ ಇಲ್ಲ ಎಂದೇ ಬರೆ. ನಂಬುತ್ತೇನೆ.

ಪಿಟೀಲು


ಏಪ್ರಿಲ್ ೨೧

ಪ್ರೀತಿಯ ಪಿಟೀಲು,

ನಿನ್ನ ಪತ್ರ ಓದಿ ತುಂಬಾ ಸಂಕಟವಾಯಿತು. ಆಗಿಹೋದದ್ದನ್ನು ನೆನೆದು ಕೊರಗಬೇಡ. ದಿನಕ್ಕೆ ಅಷ್ಟೊಂದು ಕರೆ ತೆಗೆಯುವವರಿಗೆ ಎಂದಾದರೂ ಒಮ್ಮೆ ಹೀಗಾಗುವುದು ಸಹಜ. ಯಾರೂ ಬೇಕೆಂದು ಮಾಡುವುದಿಲ್ಲ. ನೀನು ಮೊದಲಿನಿಂದಲೂ ಸೂಕ್ಷ್ಮ, ಆ ಕೆಲಸ ನಿನ್ನ ಮನಸ್ಸಿಗೆ ಒಗ್ಗುವಂಥದ್ದಲ್ಲ ಎಂದು ನನಗೆ ಯಾವಾಗಲೂ ಅನಿಸುತ್ತಿತ್ತು. ಇಲ್ಲಿ ಗ್ರಂಥಾಲಯವೊಂದರಲ್ಲಿ ಜಾಗ ಖಾಲಿಯಿದೆ, ಪರಿಚಯದವರಿದ್ದಾರೆ. ಹ್ಞೂಂ ಅಂದರೆ ಮಾತಾಡುತ್ತೇನೆ.

ನನ್ನನ್ನು ಹೊಸ ಕೋಣೆಗೆ ಹಾಕಿದ್ದಾರೆ. ಕಿಟಕಿ ದೊಡ್ಡದು, ಮಧ್ಯಾಹ್ನದ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಪರದೆ ಬಟ್ಟೆ ಹಾಕಿಸಬೇಕು. ತಿಳಿನೀಲಿಯೋ ಬೂದುಬಣ್ಣವೋ ಎಂದು ಗೊತ್ತಾಗುತ್ತಿಲ್ಲ. ನಿನಗಾದರೆ ಬಣ್ಣದ ಅಭಿರುಚಿ ಚೆನ್ನಾಗಿದೆ.

ಇದರ ಜೊತೆ ಒಂದು ಉಣ್ಣೆಯ ಕೋಟು ಕಳಿಸುತ್ತಿದ್ದೇನೆ. ಉಗ್ರಾಣ ತಂಪಾಗಿರುತ್ತದೆ. ಚೆನ್ನಾಗಿ ನಿದ್ದೆ ಮಾಡು. ಅಮ್ಮನನ್ನು ನೋಡಿಕೋ.

ಪ್ರೀತಿಯಿಂದ
ನಿನ್ನ ಅಕ್ಕ


ಮೇ ೨

ಅಕ್ಕಾ,

ಕೋಟು ತಲುಪಿತು. ಅಳತೆ ಸರಿಯಾಗಿದೆ.

ನನ್ನ ಪ್ರಶ್ನೆಗೆ ನಿನ್ನ ಪತ್ರದಲ್ಲಿ ಉತ್ತರವಿಲ್ಲ. ಒಂದು ಹಾಳೆ ಒಳಗೇ ಉಳಿದಿರಬಹುದೆಂದು ಲಕೋಟೆಯನ್ನು ಪೂರ್ತಿ ಬಿಚ್ಚಿ ನೋಡಿದೆ. ಕೋಟಿನ ಜೇಬುಗಳನ್ನೂ ನೋಡಿದೆ.

ಕಳೆದ ಭಾನುವಾರ ದರ್ಜಿಯ ಮನೆಗೆ ಹೋಗಿದ್ದೆ. ಕಚೇರಿಗೆ ಗೊತ್ತಾದರೆ ಬೈಯುತ್ತಾರೆ, ಬೈಯಲಿ. ಮುಂದಿನ ಕೋಣೆಯೇ ಅಂಗಡಿ. ಅರ್ಧ ಹೊಲಿದ ಒಂದು ಅಂಗಿ ಹಾಗೇ ಯಂತ್ರದ ಮೇಲಿದೆ, ಸೂಜಿ ಬಟ್ಟೆಯೊಳಗೇ ಇದೆ. ನಾನು ಯಾರೆಂದು ಹೇಳಿದೆ. ನನ್ನ ಕಣ್ಣು ತಪ್ಪಿತು, ತಪ್ಪು ನನ್ನದೇ, ಕ್ಷಮಿಸಿ ಎಂದೆ. ದರ್ಜಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅವರ ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಪಕ್ಕದ ಮನೆಯವರು ಕಾರು ತೆಗೀತೀನಿ ಅಂದ್ರು ಕಣಮ್ಮಾ" ಎಂದರು. "ನೀನು ಬರ್ತಾ ಇದೆ ಅಂದ್ಯಲ್ಲ, ನಾನೇ ಬೇಡ ಅಂದೆ."

ನಾನು ಅಲ್ಲೇ ಕೂತು ಅತ್ತು, ಎದ್ದು ಬಂದೆ.

ಗ್ರಂಥಾಲಯದ ಕೆಲಸ ಬೇಡ.

ತಂಗಿ


ಮೇ ೧೯

ತಂಗೀ,

ಪ್ರೀತಿಯ ಎಂದು ಮೊದಲು ಬರೆದು ಹೊಡೆದುಹಾಕಿದೆ. ಆ ಪದ ಬಳಸುವ ಯೋಗ್ಯತೆ ಈ ಪತ್ರಕ್ಕಿಲ್ಲ.

ಸಾಧ್ಯವಿತ್ತು. ಪರದೆ ತಪ್ಪು ತೋರಿಸಿತು. ಖಾಲಿ ಎಂದು ನೀನು ನೋಡಿದ್ದು ನಿಜವಾಗಿಯೂ ಖಾಲಿ ಎಂದೇ ಇತ್ತು. ನಿನ್ನ ಕಣ್ಣು ತಪ್ಪಲಿಲ್ಲ. ತಪ್ಪಿದ್ದು ನನ್ನ ಕೈ. ತಪ್ಪಿದ್ದೂ ಅಲ್ಲ, ನಾನು ತಿಳಿದೇ ಮಾಡಿದ್ದು.

ಆ ಮಧ್ಯಾಹ್ನ ಮೂರನೇ ಸರ್ವರ್ ವಾಪಸು ಬಂದಿತ್ತು, ಆದರೆ ಹೊರಗಿದ್ದಾಗಿನ ಸುದ್ದಿಯನ್ನು ಇನ್ನೂ ತುಂಬಿಕೊಳ್ಳುತ್ತಿತ್ತು. ಕಾಯಬೇಕಿತ್ತು. ಅಷ್ಟರಲ್ಲಿ ನಿರ್ದೇಶಕರು ಪತ್ರಿಕೆಯವರನ್ನು ಕರೆದುಕೊಂಡು ಬಂದರು. "ಮುಂದಿನದು ಶುರು ಮಾಡಿ, ಅವರೂ ನೋಡ್ಲಿ" ಎಂದರು. ನಾನು ಆಗುವುದಿಲ್ಲ ಎನ್ನಬಹುದಿತ್ತು. ನಾಲ್ಕನೆಯದನ್ನು ಹೊರಗೆ ತೆಗೆದೆ. ಮೂರನೆಯದು ಉತ್ತರ ಕೊಡಲು ತಿಣುಕುತ್ತಿತ್ತು, ಎರಡು ಉತ್ತರ ಕೂಡಲು ತಡವಾಗತೊಡಗಿತು. ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮೆಲ್ಲರ ಪರದೆಗಳೂ ನಿಲ್ಲುತ್ತಿದ್ದವು. "ನಿಲ್ಲಿಸಿಬಿಡೋಣ, ಅವರು ವೈರ್‌ಲೆಸ್‌ನಲ್ಲಿ ನೋಡ್ಕೊಳ್ತಾರೆ" ಎಂದು ಪಕ್ಕದಲ್ಲಿದ್ದ ಸಹೋದ್ಯೋಗಿ ಹೇಳಿದ. ನನ್ನ ಹಿಂದೆ ಕ್ಯಾಮೆರಾ ಇತ್ತು. ಎರಡನ್ನು ಕೇಳಬೇಕೆಂಬ ನಿಯಮವನ್ನು ನಾನು ತೆಗೆದುಹಾಕಿದೆ. ಯಾವುದಾದರೂ ಒಂದು ಹೇಳಿದರೆ ಸಾಕು ಎಂದು ಬದಲಿಸಿದೆ. ತಕ್ಷಣ ಎಲ್ಲ ಸರಾಗವಾಯಿತು. ಚಪ್ಪಾಳೆ ಹೊಡೆದರು.

ಅರೆಬರೆ ತಿಳಿದ ಆ ಮೂರನೆಯದೂ ಉತ್ತರ ಕೊಡುತ್ತದೆ, ಹಳೆಯ ಸುದ್ದಿಯನ್ನೇ ಹೊಸದೆಂದು ಹೇಳುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟರೊಳಗೆ ಏನು ಮಹಾ ಆಗುತ್ತದೆ ಎಂದುಕೊಂಡೆ. ಆಮೇಲೆ ಅದು ಸರಿಹೋಯಿತು, ನಿಯಮವನ್ನೂ ಮೊದಲಿನಂತೆ ಮಾಡಿದೆ. ಹಾಗಾಗಿಯೇ ವಿಚಾರಣೆಯವರು ನೋಡಿದಾಗ ಎಲ್ಲ ಸರಿಯಾಗಿತ್ತು.

ಇದಕ್ಕಿಂತ ಕೀಳಾದದ್ದು ಇನ್ನೂ ಇದೆ. ನಿಮ್ಮ ಊರಿನಲ್ಲಿ ಯಾರೋ ತಪ್ಪು ಗಾಡಿ ಕಳಿಸಿದರಂತೆ ಎಂದು ಅವತ್ತು ಸಂಜೆಯೇ ಸುದ್ದಿ ಬಂತು. ಕೇಳಿದೊಡನೆ ಆ ಮೂರನೇ ಸರ್ವರ್ ನೆನಪಾಯಿತು. ಹಿಂದೆಯೇ "ಕರೆ ತೆಗೆದವಳದೇ ತಪ್ಪಂತೆ" ಎಂದರು. ನನಗೆ ಹಾಯೆನಿಸಿತು. ಅವಳು ಯಾರು, ಅವಳಿಗೆ ಮನೆಯಿದೆಯೇ, ಅಕ್ಕ ಇದ್ದಾಳೆಯೇ, ಒಂದನ್ನೂ ಯೋಚಿಸಲಿಲ್ಲ. ಎಲ್ಲ ಸರಿಯಿತ್ತು ತಾನೇ ಎಂದು ನಿನಗೆ ಬರೆದದ್ದು ಏನೂ ತಿಳಿಯದೆ ಅಲ್ಲ. ಅವಳು ನೀನೆಂದು ನಿನ್ನ ಪತ್ರದಿಂದ ಗೊತ್ತಾಯಿತು. ಗೊತ್ತಾದ ಮೇಲೂ ಪರದೆ ಬಟ್ಟೆಯ ಬಣ್ಣ ಕೇಳಿ ಬರೆದೆ.

ನಿನ್ನೆ ನಿರ್ದೇಶಕರಿಗೆ ಹೇಳಿದೆ. ಅವರು ಬಾಗಿಲು ಮುಚ್ಚಿಕೊಂಡು ಬಂದು ಕೂತರು. "ಆಕೆಗೆ ಆಗಿರೋದು ಜಾಗ ಬದಲಾವಣೆ ಅಷ್ಟೇ ಅಲ್ವಾ? ಇದನ್ನ ಈಗ ಯಾಕೆ ಕೆದಕ್ತೀರಿ?" ಎಂದರು. ಆಕೆ ನನ್ನ ತಂಗಿ ಎಂದು ಬಾಯಿಗೆ ಬಂದಿತ್ತು. ತಡೆದುಕೊಂಡೆ. ತಂಗಿಯಲ್ಲದಿದ್ದರೆ ಸುಮ್ಮನಿರುತ್ತಿದ್ದೆನೇ ಎಂದು ಅವರು ಕೇಳಿಬಿಡಬಹುದೆಂದು ಹೆದರಿದೆ. ಇವತ್ತು ಬೆಳಿಗ್ಗೆ ವಿಚಾರಣಾ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿ ಸಹಿ ಮಾಡಿ ಬಂದಿದ್ದೇನೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ಕ್ಷಮಿಸುವ ಕೆಲಸವೂ ನಿನ್ನ ತಲೆಗೇ ಬೀಳುತ್ತದೆ.

ಅಕ್ಕ


ಜುಲೈ ೨೭

ಅಕ್ಕಾ,

ಇಷ್ಟು ದಿನ ಬರೆಯದೆ ಇದ್ದದ್ದು ಪುರುಸೊತ್ತಿಲ್ಲದೆ ಅಲ್ಲ.

ನನ್ನನ್ನು ಕರೆಗಳಿಗೆ ವಾಪಸು ಹಾಕಿದ್ದಾರೆ. ಮೇಲ್ವಿಚಾರಕಿ ಎಲ್ಲರ ಮುಂದೆ ನನ್ನ ತಪ್ಪಿಲ್ಲವೆಂದು ಓದಿ ಹೇಳಿದಳು. ಊಟದ ಮೇಜಿನಲ್ಲಿ ಮತ್ತೆ ಮಾತಾಡಿಸುತ್ತಾರೆ, ಈಗ ನನಗೇ ಬೇಕೆನಿಸುವುದಿಲ್ಲ. ಪರದೆ ಖಾಲಿ ಎಂದರೂ ವೈರ್‌ಲೆಸ್‌ನಲ್ಲಿ ಚಾಲಕನನ್ನು ಕೇಳಿಯೇ ಕಳಿಸುತ್ತೇನೆ. "ಏನ್ ತಾಯಿ, ಮನೆ ಲೆಕ್ಕಾನೂ ಎರಡೆರಡು ಸಲ ಕೇಳ್ತೀಯಾ?" ಎಂದು ಚಾಲಕರು ರೇಗಿಸುತ್ತಾರೆ.

ಅಮ್ಮನಿಗೆ ನಿನ್ನ ಪತ್ರ ಓದಿ ಹೇಳಿದೆ. ಕೊನೆಯವರೆಗೂ ಕೇಳಿದಳು. "ಅವಳು ಊಟ ಮಾಡ್ತಾ ಇದ್ದಾಳಂತಾ?" ಎಂದಷ್ಟೇ ಕೇಳಿದಳು. ಫೋಟೋವನ್ನು ನಾನು ತೆಗೆಯಲಿಲ್ಲ, ಅವಳೂ ತೆಗೆದಿಲ್ಲ. ಆದರೆ ಆ ಬಾಗಿಲನ್ನು ಈಗ ಪೂರ್ತಿ ತೆರೆದು ಗೋಡೆಗೆ ಒರಗಿಸಿಡುತ್ತಾಳೆ. ಫೋಟೋ ಗೋಡೆಯ ಕಡೆ ಆಗುತ್ತದೆ.

ನನಗೆ ಸಿಟ್ಟಿದೆ. ನೀನು ನಿಯಮ ಬದಲಿಸಿದ್ದಕ್ಕೆ ಅಷ್ಟಲ್ಲ. ಗಾಬರಿಯಲ್ಲಿ, ಜನರ ಮುಂದೆ, ನಾನಾಗಿದ್ದರೂ ಏನು ಮಾಡುತ್ತಿದ್ದೆನೋ. ಆದರೆ ಆ ಮನೆಗೆ ಹೋಗಿ ನಿನ್ನ ತಪ್ಪನ್ನು ನನ್ನದೆಂದು ಒಪ್ಪಿಕೊಂಡು ಬಂದೆನಲ್ಲ, ಅದನ್ನು ಹೇಗೆ ವಾಪಸು ತೆಗೆದುಕೊಳ್ಳಲಿ? ಅವರ ಮುಂದೆ ಹೋಗಿ "ನಾನಲ್ಲ, ನಮ್ಮಕ್ಕ" ಎನ್ನಲೇ?

ನೀನೇ ಬಂದು ಹೇಳು. ಬಾಗಿಲವರೆಗೆ ನಾನು ಬರುತ್ತೇನೆ. ಒಳಗೆ ಬರುವುದಿಲ್ಲ.

ತಂಗಿ


ಆಗಸ್ಟ್ ೧೭

ತಂಗೀ,

ತೊಂದರೆಯಿಲ್ಲದೆ ಊರು ತಲುಪಿದೆ. ದರ್ಜಿಯ ಮನೆಯಿಂದ ನಿಲ್ದಾಣದವರೆಗೆ ನಾವಿಬ್ಬರೂ ನಡೆದೇ ಹೋದೆವು. ಬಸ್ಸು ಹೊರಟಾಗ ನೀನು ಕೈ ಎತ್ತಿದೆಯೋ, ಕೂದಲು ಸರಿಮಾಡಿಕೊಂಡೆಯೋ ತಿಳಿಯಲಿಲ್ಲ. ಒಳಗೆ ಏನಾಯಿತೆಂದು ನೀನು ಕೇಳಲಿಲ್ಲ. ಆದರೂ ಅದು ನಿನಗೆ ಗೊತ್ತಿರಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಚೇರಿಯ ಸುದ್ದಿ. ಮುಖ್ಯಸ್ಥೆಯ ಕೋಣೆ ಬಿಟ್ಟುಕೊಟ್ಟಾಯಿತು. ಈಗ, ಅವತ್ತು ನಿಲ್ಲಿಸಿಬಿಡೋಣ ಎಂದಿದ್ದ ಆ ಸಹೋದ್ಯೋಗಿಯ ಕೈಕೆಳಗೆ ಕೆಲಸ. ಅವನು ನನ್ನ ಮುಖ ನೋಡದೆ ಮಾತಾಡುತ್ತಾನೆ. ಒಳ್ಳೆಯ ಹುಡುಗ, ಅವನಿಗೇ ನಾಚಿಕೆ.

ಆ ಮನೆಯಲ್ಲಿ ದರ್ಜಿ ಕಿಟಕಿಯ ಬಳಿ ಕೂತಿದ್ದರು. ಹೆಂಡತಿ ಅವರಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ನಾನು ನಿಂತೇ ಶುರು ಮಾಡಿದೆ. ಐದು ಸರ್ವರ್, ಮೂರು ಪ್ರತಿ, ಎರಡು ಉತ್ತರ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಹೇಳುತ್ತಾ ಹೋದೆ. ನಡುವೆಯೇ ನನಗೆ ಕೇಳಿಸಿತು, ನಾನು ಸಮಿತಿಯ ಮುಂದೆ ಮಾತಾಡಿದ ಹಾಗೆಯೇ ಮಾತಾಡುತ್ತಿದ್ದೆ. ನಿಲ್ಲಿಸಿಬಿಟ್ಟೆ.

ಆಕೆ ಗಂಡನ ಗಲ್ಲ ಒರೆಸಿ ಬಟ್ಟಲು ಕೆಳಗಿಟ್ಟರು.

"ನಂಗೆ ಅದೆಲ್ಲ ತಿಳಿಯಲ್ಲ. ಅವತ್ತು ನೀವು ನಿಲ್ಲಿಸಿದ್ರೆ ಏನಾಗ್ತಿತ್ತು?" ಎಂದರು.

ತಂಗೀ, ನಾನು ಯೋಚಿಸಿದೆ. ಪರದೆಗಳು ನಿಲ್ಲುತ್ತಿದ್ದವು. ನೀನು ವೈರ್‌ಲೆಸ್ ಎತ್ತಿ ಕೇಳುತ್ತಿದ್ದೆ. ಯಾವ ಗಾಡಿಯೂ ಹತ್ತಿರವಿಲ್ಲವೆಂದು ತಿಳಿದು, ಅಮ್ಮಾ, ಪಕ್ಕದ ಮನೆಯವರ ಕಾರಿನಲ್ಲೇ ಹೊರಡಿ ಎನ್ನುತ್ತಿದ್ದೆ.

"ಏನೂ ಆಗ್ತಿರಲಿಲ್ಲ" ಎಂದೆ.

ಆಕೆ ತಲೆಯಾಡಿಸಿದರು. ಆ ಒಂದು ಮಾತು ಸಾಕಾಯಿತು ಅನ್ನುವ ಹಾಗೆ. ದರ್ಜಿ ಈ ಸಲ ಗೋಡೆಯ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಎದುರು ನಿಲ್ಲಲಾರದೆ ನಾನು ನೆಲ ನೋಡಿದೆ.

"ಹೊರಗೆ ನಿಂತಿರೋದು ಆ ಹುಡುಗಿ ಅಲ್ವಾ?" ಎಂದು ಆಕೆ ಕೇಳಿದರು. "ಅವತ್ತು ಬಂದು ಅಷ್ಟು ಅತ್ತು ಹೋದ್ಲು, ಒಂದು ಲೋಟ ನೀರೂ ಕೊಡಲಿಲ್ಲ ನಾನು. ಅವಳನ್ನ ಒಳಗೆ ಕಳ್ಸಿ." ಆಮೇಲೆ ನನ್ನ ಮುಖ ನೋಡಿ, "ನೀವು ಹೊರಗೇ ಇರಿ" ಎಂದರು.

ಹಾಗಾಗಿ ನಾನು ಬಂದು "ನಿನ್ನನ್ನ ಕರೀತಾ ಇದ್ದಾರೆ" ಎಂದೆ. ನೀನು ಬರುವುದಿಲ್ಲ ಎಂದು ಹೇಳಿದ್ದವಳು, ಒಂದು ಗಳಿಗೆ ನನ್ನನ್ನು ದಿಟ್ಟಿಸಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಳಗೆ ಏನು ಮಾತಾಯಿತೆಂದು ನಾನು ಕೇಳುವುದಿಲ್ಲ. ನೀನು ಬಹಳ ಹೊತ್ತು ಇದ್ದೆ. ಒಮ್ಮೆ ನಕ್ಕ ಹಾಗೆ ಕೇಳಿಸಿತು. ನೀನೋ ಆಕೆಯೋ ಗೊತ್ತಾಗಲಿಲ್ಲ.

ನಾನು ಬೀದಿಯಲ್ಲಿ ನಿಂತೇ ಇದ್ದೆ. ಎದುರುಮನೆಯ ಹೆಂಗಸು ಬಟ್ಟೆ ಒಣಹಾಕಲು ಬಂದವಳು ನನ್ನನ್ನು ನೋಡಿ, "ಯಾಕ್ರೀ ಬಿಸಿಲಲ್ಲಿ ನಿಂತಿದ್ದೀರಿ? ಮನೇಲಿ ಇದ್ದಾರಲ್ಲ, ಒಳಗೆ ಹೋಗಿ" ಎಂದಳು.

ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಯಾರಿಗೋ ಕಾಯುತ್ತಿದ್ದೇನೆ ಎಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

"ನನ್ನನ್ನ ಹೊರಗಿರೋಕೆ ಹೇಳಿದ್ದಾರೆ" ಎಂದೆ.

ಅವಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ನಾನು ನಿಂತ ಜಾಗ ಬಿಟ್ಟು ಕದಲಲಿಲ್ಲ.

ಅಕ್ಕ